ನಾನು ನಾದಿದ ಹೂಜಿ

ಅಚ್ಚುಕಟ್ಟು ಮಾಡುವ ಚಟ ನನಗೆ ಹುಟ್ಟಿನಿಂದ ಬಂದದ್ದು. ಹೆಂಡತಿ ಅರ್ಧ ಓದಿ ಬೋರಲು ಹಾಕಿದ ಪುಸ್ತಕವನ್ನು ಮಡಚಿ ಕಪಾಟಿನಲ್ಲಿಟ್ಟು ಬೈಸಿಕೊಳ್ಳುವವನು ನಾನು. ಈ ಚಟದಿಂದ ಒಬ್ಬ ಹಿರಿಯರ ಕೊನೆಯ ಹೂಜಿಯನ್ನು ಹಾಳು ಮಾಡಿದ್ದನ್ನು ಮಾತ್ರ ಅವಳಿಗೂ ಹೇಳಿಲ್ಲ.

ಗದಗ ಜಿಲ್ಲೆಯಾದ ಹೊಸತು. ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ತಲೆಗೆ ವಸ್ತುಪ್ರದರ್ಶನದ ಕೆಲಸ ಬಿತ್ತು. ಮುಂಡರಗಿ ಕಡೆಯ ಹಮ್ಮಿಗಿಯ ಕರಿಮಣ್ಣು, ಶಿರಹಟ್ಟಿಯ ಕೆಂಪು ಮಣ್ಣು ಎರಡೂ ಕಾಣುವ ಒಂದೇ ಹೂಜಿ ಮಾಡಿಸಿದರೆ ಇಡೀ ಜಿಲ್ಲೆಯೇ ಮೇಜಿನ ಮೇಲೆ ಕೂತಂತೆ! ನನಗೆ ನಾನೇ ಶಾಬಾಸ್ ಹೇಳಿಕೊಂಡು, ಎರಡು ಚೀಲ ಮಣ್ಣು ಹೊತ್ತು, ಹೂಜಿಗೆ ಹೆಸರಾದ ಲಕ್ಷ್ಮೇಶ್ವರದ ಮೌಲಾಸಾಬರ ಮನೆಗೆ ಹೋದೆ.

ಭುಜದ ನೋವಿನಿಂದ ಅವರು ತಿಗರಿ ತಿರುಗಿಸುವುದನ್ನು ಬಿಟ್ಟಿದ್ದರು. ಆದರೂ ಒಪ್ಪಿದರು. "ಇದು ಕಡೀದ್ರಿ. ಮೊಮ್ಮಗಳಿಗೆ ತೋರಸಾಕ ನನ್ನ ಕೈಯಾಂದು ಮನ್ಯಾಗ ಒಂದೂ ಉಳದಿಲ್ಲ. ನಿಮ್ಮ ಪ್ರದರ್ಶನ ಮುಗದ ಮ್ಯಾಲ ನನಗ ಕೊಟ್ಟಬಿಡ್ರಿ" ಎಂದರು. ಎರಡು ಮಣ್ಣನ್ನೂ ಒಂದರ ಮೇಲೊಂದಿಟ್ಟು ಎರಡೇ ಸಲ ಮಡಚಿದರು. "ಇವು ಕೂಡಬೇಕ್ರಿ, ಬೆರಿಬಾರ್ದು. ರೊಟ್ಟಿ ಹಿಟ್ಟಿನಂಗ ನಾದಿದ್ರ ಕೆಟ್ಟತು." ನಾನು ಹೂಂ ಎಂದೆ. ಕಚೇರಿಯಲ್ಲಿ ಎಲ್ಲದಕ್ಕೂ ಹೂಂ ಎಂದು ಅಭ್ಯಾಸ.

ಹೂಜಿ ಎದ್ದಿತು. ಅಂದು ಶುಕ್ರವಾರ, ಮೌಲಾಸಾಬರು ಕೈ ತೊಳೆದುಕೊಂಡು ನಮಾಜಿಗೆ ಹೊರಟರು. ಒಬ್ಬನೇ ಕೂತು ನೋಡಿದರೆ ಹೂಜಿಯ ಮೈತುಂಬ ಕೆಸರು ಬಣ್ಣ, ಕಪ್ಪೂ ಇಲ್ಲ, ಕೆಂಪೂ ಇಲ್ಲ. ಪಾಪ, ವಯಸ್ಸಾದ ಕೈ ತಪ್ಪಿದೆ, ಬಂದು ನೋಡಿದರೆ ಮುಜುಗರಪಟ್ಟಾರು ಎಂದು ನಾನು ಉಪಕಾರಕ್ಕಿಳಿದೆ. ಹೂಜಿಯನ್ನು ಅಮುಕಿ, ಮತ್ತೆ ಮಾಡಲು ಅನುಕೂಲವಾಗಲೆಂದು ಚೆನ್ನಾಗಿ ನಾದಿ ಮುದ್ದೆ ಕಟ್ಟಿಟ್ಟೆ.

ಬಂದವರು ಮುದ್ದೆಯನ್ನು ನೋಡಿದರು, ನನ್ನ ಕೈಗಳನ್ನು ನೋಡಿದರು. "ಕೆರದು ನೋಡಿದ್ರೇನ್ರಿ?"

ತಿಗರಿಗೆ ಅಂಟಿ ಉಳಿದಿದ್ದ ತಳದ ಚೂರನ್ನು ತಂತಿಯಿಂದ ಮೆಲ್ಲಗೆ ಕೆರೆದರು. ಮೇಲಿನ ರಾಡಿ ಹೋದದ್ದೇ ತಡ, ಕಪ್ಪು ಕೆಂಪು ಗೆರೆಗಳು ಒಂದನ್ನೊಂದು ಸುತ್ತಿಕೊಂಡು ಹೊರಬಂದವು. ಹೂಜಿ ಅರ್ಧ ಒಣಗಿದ ಮೇಲೆ ಹೀಗೆ ಮೈ ಕೆರೆಯುವುದೇ ಸುಡುವ ಮುಂಚಿನ ಕೊನೆಯ ಕೆಲಸವಂತೆ.

"ಇನ್ನೊಂದು..." ಎಂದೆ.

"ಭುಜ ಏಳಂಗಿಲ್ರಿ ಸಾಹೇಬ್ರ. ಆತು ಬಿಡ್ರಿ, ಚಾ ಕುಡೀರಿ."

ಬೈದಿದ್ದರೆ ಚೆನ್ನಾಗಿತ್ತು. ಆ ಚಹಾ ಕುಡಿದು ಮುಗಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಮುದ್ದೆಯನ್ನು ನಾನೇ ತಂದೆ. ಒಣಗಿ ಕಲ್ಲಾಗಿ, ಈಗಲೂ ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಕಾಯುತ್ತಿದೆ. ಒಂದು ಗೆರೆಯಾದರೂ ಉಳಿದಿದ್ದರೆ ಮೌಲಾಸಾಬರ ಮೊಮ್ಮಗಳಿಗೆ ಕೊಟ್ಟು ಬರೋಣವೆಂದು ಮೊನ್ನೆ ಚಾಕು ಹಿಡಿದು ಎಲ್ಲ ಕಡೆಯಿಂದಲೂ ಕೆರೆದೆ. ಎಷ್ಟು ಕೆರೆದರೂ ಅದೇ ಕೆಸರು ಬಣ್ಣ. ಬಲು ಅಚ್ಚುಕಟ್ಟಾಗಿ ನಾದಿದ್ದೆ.