ನಾದಿನಿಯ ಪ್ರಬಂಧಕ್ಕೆ ನಾನು ಮಾಡಿದ ಉಪಕಾರ

ಆಗ ನಮ್ಮ ಬೀದಿಯಲ್ಲಿ ಇಂಗ್ಲಿಷು ನಮ್ಮ ಮನೆಯಲ್ಲಿ ಮಾತ್ರ ಸಿಗುತ್ತಿತ್ತು. ಎಂಬತ್ತರ ದಶಕದ ರಾಜಾಜಿನಗರ. ಇಡೀ ಬೀದಿಗೆ ಕಾನ್ವೆಂಟಿನಲ್ಲಿ ಓದಿದ ಸೊಸೆ ನಾನೊಬ್ಬಳೇ. ಯಾರ ಮನೆಗೆ ಟೆಲಿಗ್ರಾಂ ಬಂದರೂ ಮೊದಲು ನನ್ನ ಬಳಿ ತರುತ್ತಿದ್ದರು. ಅಳುವುದೋ, ಪೇಡ ಹಂಚುವುದೋ ಎಂಬ ತೀರ್ಮಾನ ನಾನು ಓದಿ ಹೇಳಿದ ಮೇಲೆಯೇ. ಎದುರುಮನೆ ಕಮಲಮ್ಮನವರಂತೂ ಒಮ್ಮೆ ಮುಂಚಿತವಾಗಿಯೇ ಅತ್ತುಕೊಂಡು ಬಂದು, ಅದು ಮೊಮ್ಮಗ ಹುಟ್ಟಿದ ಸುದ್ದಿ ಎಂದು ತಿಳಿದಾಗ, ಅತ್ತದ್ದು ದಂಡವಾಯಿತೆಂದು ನನ್ನ ಮೇಲೆಯೇ ಮುನಿಸಿಕೊಂಡಿದ್ದರು!

ಹೀಗೆ ನನ್ನ ಸಾಮ್ರಾಜ್ಯ ಸುಭಿಕ್ಷವಾಗಿದ್ದಾಗ ನನ್ನ ನಾದಿನಿ ಗಿರಿಜ, ಒಂದು ಟ್ರಂಕು ಮತ್ತು ಒಂದು ಡಬ್ಬ ಹುರಿಟ್ಟಿನೊಂದಿಗೆ ಬ್ಯಾಡರಹಳ್ಳಿಯಿಂದ ಬಂದಿಳಿದಳು. ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎ. ಓದುವುದೆಂದು ಏರ್ಪಾಡು. ಅಲ್ಲಿಯವರೆಗೆ ಓದಿದ್ದೆಲ್ಲ ಕನ್ನಡದಲ್ಲಿ. ಕಾಲೇಜಿನ ಮೊದಲ ಇಂಗ್ಲಿಷ್ ಪ್ರಬಂಧಕ್ಕೆ ಹತ್ತಕ್ಕೆ ಮೂರು ಬಂತು.

"ಅತ್ತಿಗೆ, ನಂಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಿತ್ತು. ಇಷ್ಟೊಂದು ಬರಲ್ಲ ಅಂತ ಗೊತ್ತಿರಲಿಲ್ಲ," ಎಂದು ಅತ್ತಳು.

"ನಾನಿಲ್ವೇನೇ?" ಎಂದು ತಲೆ ಸವರಿದೆ. ಮೂರು ಅಂಕದ ನಾದಿನಿಯನ್ನು ಪ್ರೀತಿಸುವುದು ಬಹಳ ಸುಲಭ!

ಪಾಠ ಶುರುವಾಯಿತು. ಸೂರ್ಯನನ್ನು ಬರೀ ಸೂರ್ಯ ಎಂದು ಕರೆಯುವುದು ನಮ್ಮ ಕಾನ್ವೆಂಟಿನಲ್ಲಿ ಅನಾಗರಿಕತೆ ಎನಿಸುತ್ತಿತ್ತು. ಅವನು ಮೂಡಣದ ಬಾಗಿಲು ತೆರೆಯುವ ಬಂಗಾರದ ಗೋಳ. ಕಾಗೆ ಕೂಗಿದರೂ ಅದು ರೆಕ್ಕೆಯುಳ್ಳ ಗಾಯಕವೃಂದ. ಗಿರಿಜ ಶ್ರದ್ಧೆಯಿಂದ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದಳು. ನಾಲ್ಕು ಬಂತು. ಅಂಚಿನಲ್ಲಿ ಇಂಗ್ಲಿಷ್ ಮೇಡಂ, "ನಿನ್ನ ಕಣ್ಣಿಗೆ ಕಂಡದ್ದನ್ನು ಬರೆ" ಎಂದು ಷರಾ ಹಾಕಿದ್ದರು.

ಆಮೇಲೆ ಗಿರಿಜ ನನ್ನ ಹತ್ತಿರ ಪ್ರಬಂಧ ತರುವುದನ್ನೇ ಬಿಟ್ಟಳು. ಮಧ್ಯಾಹ್ನ ನಾನು ಮೊರದಲ್ಲಿ ಅಕ್ಕಿ ಆರಿಸುತ್ತಾ ಬೀದಿಯ ಸಮಾಚಾರ ಹೇಳುವಾಗ ಮಾತ್ರ ಪಕ್ಕದಲ್ಲಿ ಕೂತು, ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಅಂಕ ಆರಾಯಿತು. ಏಳಾಯಿತು. ಒಂದು ಸಂಜೆ ನಮ್ಮ ಯಜಮಾನರು ಚಪ್ಪಲಿ ಬಿಡುವ ಮೊದಲೇ ಕೂಗಿದರು: "ನಮ್ ಗಿರಿಜಂಗೆ ಎಂಟು ಬಂತಂತೆ ಕಣೇ! ಮೇಡಂ ಕ್ಲಾಸಲ್ಲಿ ಓದಿ ತೋರಿಸಿದ್ರಂತೆ! ನಿಂಗೆ ಕಾನ್ವೆಂಟಲ್ಲಿ ಎಷ್ಟು ಬರ್ತಿತ್ತು?"

ಆ ರಾತ್ರಿಯ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಅದನ್ನಾದರೂ ಸಹಿಸಿಕೊಂಡೆ. ಮರುವಾರ ಕಮಲಮ್ಮನವರು ಕೈಯಲ್ಲಿ ಟೆಲಿಗ್ರಾಂ ಹಿಡಿದು ಬಂದರು. "ಗಿರಿಜ ಇದಾಳೇನಮ್ಮ?"

"ಕಾಲೇಜಿಗೆ ಹೋಗಿದಾಳೆ. ಕೊಡಿ, ನಾನ್ ಓದ್ತೀನಿ."

"ಪರ್ವಾಗಿಲ್ಲ ಬಿಡಮ್ಮ, ಅವಳು ಬರೋವರ್ಗೂ ಕಾಯ್ತೀನಿ."

ಟೆಲಿಗ್ರಾಂ ಕೈಯಲ್ಲಿಟ್ಟುಕೊಂಡು ಕಾಯುವುದೇ! ನನ್ನ ಎದೆಯೊಳಗೆ ಸೀಮೆಎಣ್ಣೆ ಸ್ಟೌವಿನ ಹನ್ನೆರಡು ಬತ್ತಿಯೂ ಒಟ್ಟಿಗೆ ಹೊತ್ತಿಕೊಂಡವು.

ಆ ಎಂಟು ಅಂಕದ ಪ್ರಬಂಧದ ಹೆಸರು 'ನಮ್ಮ ಬೀದಿಯ ಬೆಳಗು'. ಗಿರಿಜ ಮನೆಯಲ್ಲಿಲ್ಲದಾಗ ತೆಗೆದು ಓದಿದೆ. "ಎದುರುಮನೆಯ ಆಂಟಿಗೂ ಅಂಕಲ್‌ಗೂ ಜಗಳ ಶುರುವಾದರೆ ರೇಡಿಯೋ ಜೋರಾಗುತ್ತದೆ. ರೇಡಿಯೋ ನಿಂತಿತೆಂದರೆ ಅಂಕಲ್ ಸೋತರು." ಅಯ್ಯೋ, ಇದು ಅಕ್ಕಿ ಆರಿಸುವಾಗ ನಾನೇ ಹೇಳಿದ್ದು! ಮುಂದೆ ನೋಡಿದರೆ, "ನನ್ನ ಅತ್ತಿಗೆ ಹಾಲಿನವನ ಜೊತೆ ಕನ್ನಡದಲ್ಲಿ ಜಗಳವಾಡುತ್ತಾರೆ. ಸೋಲುವ ಹಾಗಾದಾಗ ಇಂಗ್ಲಿಷಿಗೆ ಬರುತ್ತಾರೆ." ಇದನ್ನು ನಾನು ಹೇಳಿರಲಿಲ್ಲ. ಎಲ್ಲವೂ ಚಿಕ್ಕ ಚಿಕ್ಕ ವಾಕ್ಯ. ಸೂರ್ಯ ಬರೀ ಸೂರ್ಯ! ಇದಕ್ಕೆ ಎಂಟು ಹೇಗೆ ಬಂತೆಂದು ಪತ್ತೆ ಮಾಡಲು ಮತ್ತೆ ಓದಿದೆ. ಆ ವಾರವೆಲ್ಲ ಓದಿದೆ.

ಅಷ್ಟರಲ್ಲಿ ಮೇಡಂ ಅದನ್ನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಆರಿಸಿದರು. ಸೋಮವಾರ ಶುದ್ಧಪ್ರತಿ ಕೊಡಬೇಕು. ಗಿರಿಜ ಶನಿವಾರ ಊರಿನಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದಳು. "ಅತ್ತಿಗೆ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಸೋಮವಾರ ಊರಿಂದ ನೇರವಾಗಿ ಕಾಲೇಜಿಗೇ ಹೋಗ್ತೀನಿ. ಸ್ವಲ್ಪ ಕಾಪಿ ಮಾಡಿ ಬೆಳಿಗ್ಗೆ ಅಣ್ಣನ ಕೈಲಿ ಅಲ್ಲಿಗೆ ಕಳಿಸ್ತೀರಾ?"

ಅಕ್ಷರವಂತೆ! ಇಂಗ್ಲಿಷಿನ ಮಹಾರಾಣಿಗೆ ಗುಮಾಸ್ತೆಯ ಹುದ್ದೆ!

ಭಾನುವಾರ ಬೆಳಿಗ್ಗೆ ಪೆನ್ನಿಗೆ ಶಾಯಿ ತುಂಬಿಸಿ ಕೂತೆ. ಸಾಕ್ಷಾತ್ ದೇವರಾಣೆ, ಒಂದೇ ಒಂದು ವಾಕ್ಯ ತಿದ್ದಬೇಕೆಂದಿದ್ದೆ. ಸೂರ್ಯನಿಗೆ ಬಂಗಾರದ ಗೋಳ ಹಾಕಿದೆ. ಹಾಕಿದ ಮೇಲೆ ಪಕ್ಕದ ವಾಕ್ಯ ಬಡವಾಗಿ ಕಂಡಿತು. ಅದಕ್ಕೂ ಒಡವೆ ತೊಡಿಸಿದೆ. ಕಮಲಮ್ಮನವರ ರೇಡಿಯೋದಿಂದ ಈಗ ಸುಮಧುರ ನಾದಲಹರಿ ತೇಲಿ ಬಂದು ಬೀದಿಯನ್ನೆಲ್ಲ ಪಾವನಗೊಳಿಸುತ್ತಿತ್ತು. ಹಾಲಿನವನ ಜಗಳವನ್ನು ಸಾಹಿತ್ಯದ ಹಿತದೃಷ್ಟಿಯಿಂದ ಪೂರ್ತಿ ಕೈಬಿಟ್ಟೆ. ಮುಗಿಯುವ ಹೊತ್ತಿಗೆ ಒಂದೂವರೆ ಪುಟ ನಾಲ್ಕು ಪುಟವಾಗಿತ್ತು. ಎಣ್ಣೆಸ್ನಾನಕ್ಕೆ ಹಂಡೆಯ ಒಲೆ ಹೊತ್ತಿಸಲು ಕಾಗದ ಬೇಕಿತ್ತು. ಗಿರಿಜಳ ಹಾಳೆಯೇ ಕೈಗೆ ಸಿಕ್ಕಿತು.

ಸೋಮವಾರ ಸಂಜೆ ಗಿರಿಜ ಕಾಲೇಜಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ಅತ್ತತ್ತು ಮೂಗು ಕೆಂಪಾಗಿತ್ತು.

"ಮೇಡಂ ತುಂಬಾ ಬೈದ್ರು. ತಾನು ಓದಿದ್ದೊಂದು, ನಾನು ಕೊಟ್ಟಿದ್ದೊಂದು ಅಂತೆ. ನಾಳೆ ಮನೆಯವರನ್ನ ಕರ್ಕೊಂಡು ಬಾ, ಇಲ್ಲದಿದ್ರೆ ಬೇರೆ ಹುಡುಗಿದು ಹಾಕ್ತೀನಿ ಅಂದ್ರು." ಆಮೇಲೆ ದನಿ ತಗ್ಗಿಸಿ, ನನಗೆ ನೋವಾಗಬಾರದೆಂಬಂತೆ ಕೇಳಿದಳು. "ಅತ್ತಿಗೆ, ಯಾವ ಗೈಡ್ ನೋಡಿ ಬರೆದ್ರಿ?"

ಭೂಮಿ ಬಾಯಿ ಬಿಡಲಿಲ್ಲ. ರಾಜಾಜಿನಗರದ ರೆಡ್ ಆಕ್ಸೈಡ್ ನೆಲ ಬಹಳ ಗಟ್ಟಿ.

ಮರುದಿನ ಮೈಸೂರು ಸಿಲ್ಕ್ ಉಟ್ಟು ಹೊರಟೆ. ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಇಂಗ್ಲಿಷ್ ಭಾಷಣ ಸಿದ್ಧಪಡಿಸಿದೆ. ಮೇಡಂ ಸ್ಟಾಫ್ ರೂಮಿನಲ್ಲಿ ಟಿಫನ್ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು. ನಾನು ಬಾಯಿ ತೆರೆಯುವ ಮುನ್ನವೇ ಕನ್ನಡದಲ್ಲಿ, "ಕೂತ್ಕೊಳ್ಳಿ. ಯಾವ ಗೈಡು ಇದು? ನಾನು ಓದೋ ಕಾಲಕ್ಕೇ ಹಳೇದಾಗಿತ್ತಲ್ಲ?" ಎಂದರು.

ಗಿರಿಜ ತಲೆತಗ್ಗಿಸಿ ನಿಂತಿದ್ದಳು. ಅವಳು ಒಂದು ಮಾತು ದೂರಿದ್ದರೂ ನಾನು ವಾದ ಮಾಡಿ ಗೆದ್ದುಬಿಡುತ್ತಿದ್ದೆನೇನೋ.

"ಗೈಡಲ್ಲ ಮೇಡಂ," ಎಂದೆ. "ಅದು ನಾನೇ."

ಚಮಚ ಡಬ್ಬಿಯಲ್ಲೇ ನಿಂತಿತು. "ಮೂಲಪ್ರತಿ ಎಲ್ಲಿ?"

"ಹಂಡೆ ಒಲೆಗೆ ಹಾಕ್ಬಿಟ್ಟೆ."

ಮೇಡಂ ಡಬ್ಬಿ ಪಕ್ಕಕ್ಕೆ ಸರಿಸಿ, ಗಿರಿಜಳ ಮುಂದೆ ಹಾಳೆ ಇಟ್ಟರು. "ಈಗಲೇ ಮತ್ತೆ ಬರಿ. ಮೂರು ಗಂಟೆಗೆ ಪ್ರೆಸ್ಸಿನವನು ಬರ್ತಾನೆ."

ಗಿರಿಜ ನಾಲ್ಕು ಸಾಲು ಬರೆದು ನಿಂತಳು. "ಆಮೇಲೆ... ಜ್ಞಾಪಕ ಬರ್ತಿಲ್ಲ ಮೇಡಂ."

ನನ್ನ ಬಾಯಿಂದ ಐದನೆಯ ಸಾಲು ತಾನಾಗಿ ಹೊರಬಂತು. ಆರನೆಯದೂ. ರೇಡಿಯೋ, ಅಂಕಲ್ಲು, ಅಲ್ಪವಿರಾಮ ಸಮೇತ ಎಲ್ಲವೂ! ಪ್ರೀತಿಯಿಂದ ಓದಿದ ಒಂದು ಪದ್ಯವೂ ನನಗೆ ನೆನಪಿಲ್ಲ. ಹೊಟ್ಟೆಕಿಚ್ಚಿನಿಂದ ಓದಿದ್ದು ಒಂದಕ್ಷರವೂ ಮರೆತಿರಲಿಲ್ಲ.

"ಹಾಲಿನವನದ್ದೇನೋ ಇತ್ತಲ್ಲ?" ಎಂದರು ಮೇಡಂ.

"ಅದು ಮರೆತೇಹೋಯ್ತು ಮೇಡಂ," ಎಂದಳು ಗಿರಿಜ, ನನ್ನತ್ತ ನೋಡದೆ. ಮರೆತಿರಲಿಲ್ಲ. ಅವಳ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು.

ನಾನೇ ಹೇಳಿದೆ. "ನನ್ನ ಅತ್ತಿಗೆ ಹಾಲಿನವನ ಜೊತೆ..." ಪೂರ್ತಿ ಹೇಳಿದೆ. ಸ್ಟಾಫ್ ರೂಮೆಲ್ಲ ನಕ್ಕಿತು. ಮೇಡಂ ಕಣ್ಣೊರೆಸಿಕೊಂಡು, "ಆ ಅತ್ತಿಗೆ ನೀವೇನಾ!" ಎಂದು ಚಿತ್ರಾನ್ನದ ಡಬ್ಬಿಯನ್ನು ನನ್ನತ್ತ ಸರಿಸಿದರು. ಬಾಗಿಲು ದಾಟುವಾಗ ಆಸೆ ತಡೆಯದೆ, ಸೂರ್ಯನಿಗೆ ಕೊನೆಯ ಪಕ್ಷ ಒಂದು ವಿಶೇಷಣ ಬೇಡವೇ ಎಂದು ಕೇಳಿದೆ.

"ಬೇಡಮ್ಮ. ಅವನು ಹಾಗೇ ಇರಲಿ."

ಸಂಚಿಕೆ ಅಚ್ಚಾಗಿ ಬಂತು. ಕಮಲಮ್ಮನವರು ಅದನ್ನು ಹಿಡಿದು ನಮ್ಮ ಜಗಲಿಗೆ ಬಂದರು. ಗಿರಿಜ ಮನೆಯಲ್ಲಿರಲಿಲ್ಲ. ಈ ಸಲ ಅವರಿಗೆ ಕಾಯುವ ತಾಳ್ಮೆಯೂ ಇರಲಿಲ್ಲ. "ಇದ್ರಲ್ಲಿ ನನ್ನ ಬಗ್ಗೆ ಬರ್ದಿದಾಳಂತಲ್ಲಮ್ಮ! ಓದಿ ಹೇಳು, ಕನ್ನಡದಲ್ಲಿ."

ಪುಟ ತೆರೆದೆ. ರೇಡಿಯೋ ನಿಂತಿತೆಂದರೆ ಅಂಕಲ್ ಸೋತರು. ಕಮಲಮ್ಮನವರ ಮುಖ ನೋಡಿದೆ. ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಶುರುಮಾಡಿದೆ: "ಎದುರುಮನೆಯ ಮಹಾತಾಯಿಯ ರೇಡಿಯೋದಿಂದ ಪ್ರತಿದಿನವೂ ಸುಮಧುರ ನಾದಲಹರಿ ತೇಲಿ ಬಂದು, ಬೀದಿಯನ್ನೆಲ್ಲ ಪಾವನಗೊಳಿಸುತ್ತದೆ..."

ಕಮಲಮ್ಮನವರ ಕಣ್ಣಲ್ಲಿ ನೀರು ತುಂಬಿತು. ನನ್ನ ಸಾಹಿತ್ಯಕ್ಕೆ ಕೊನೆಗೂ ಒಬ್ಬರು ಓದುಗರು ಸಿಕ್ಕಿದ್ದರು!

ಸೆರಗಿನಿಂದ ಕಣ್ಣೊರೆಸಿಕೊಂಡು ಅವರೆಂದರು: "ಎಷ್ಟು ಚೆನ್ನಾಗಿ ಬರೀತಾಳಮ್ಮ ಗಿರಿಜ! ನೀನೂ ಸ್ವಲ್ಪ ಅವಳ ಹತ್ರ ಕಲ್ತುಕೋ."