ಕಂಬಳಿ, ಜಿಲೇಬಿ, ತಕರಾರು

ಗುಟ್ಟು ಕಾಪಾಡುವವರನ್ನು ಕಂಡರೆ ನನಗೆ ಗೌರವಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು. ಶಿಕಾರಿಪುರದಲ್ಲಿ ಅರ್ಜಿ ತುಂಬಿಕೊಡುವ ಸಣ್ಣ ಕಂಪ್ಯೂಟರ್ ಅಂಗಡಿ ನನ್ನದು. ಪಹಣಿ, ಖಾತೆ ಬದಲಾವಣೆ, ಬೆಳೆ ವಿಮೆ ಎಂದು ಬರುವ ರೈತರು ತಮ್ಮ ಪಾಸ್‌ವರ್ಡುಗಳನ್ನು "ನಿಮ್ಮ ಹತ್ರನೇ ಇರ್ಲಿ ಬಿಡ್ರೀ" ಎಂದು ನನ್ನ ಕೊರಳಿಗೇ ಕಟ್ಟಿ ಹೋಗುತ್ತಾರೆ. ನಾನೋ, ಎಲ್ಲರಿಗೂ ನನ್ನ ಹೆಂಡತಿಯ ಹೆಸರನ್ನೇ ಇಟ್ಟು ಮುಂದೆ ಒಂದು, ಎರಡು, ಮೂರು ಹಾಕಿದ್ದೆ. ಅದನ್ನು ಪತ್ನಿಪ್ರೇಮ ಎಂದೇ ನಂಬಿದ್ದೆ.

ಸೊರಬದಲ್ಲಿ ಟೀಚರ್ ಆಗಿರುವ ನನ್ನ ನಾದಿನಿ ಸುಮಾ ರಜೆಗೆ ಬಂದವಳು ಅದನ್ನು ಸೋಮಾರಿತನ ಎಂದಳು. ಪಾಸ್‌ವರ್ಡುಗಳನ್ನು ಕಾಯುವ ಆ್ಯಪ್ ಒಂದನ್ನು ನನ್ನ ಫೋನಿಗೆ ಹಾಕಿ, ಪ್ರತಿಯೊಬ್ಬರಿಗೂ ಬ್ರಹ್ಮನಿಂದಲೂ ಓದಲಾಗದ ಹೊಸ ಪಾಸ್‌ವರ್ಡು ಮಾಡಿಟ್ಟಳು.

"ಭಾವ, ಇಷ್ಟಕ್ಕೂ ಸೇರಿ ಒಂದೇ ಬೀಗ. ಒಂದಕ್ಕೊಂದು ಸಂಬಂಧ ಇಲ್ದಿರೋ ಐದು ಪದ ಇಟ್ಕಳಿ. ಯಾರಿಗೂ ಹೇಳಬ್ಯಾಡಿ. ಮರ್ತ್ರೆ ಮಾತ್ರ ಯಾರ ಕಾಲಿಗೆ ಬಿದ್ರೂ ವಾಪಸ್ ಸಿಗಲ್ಲ," ಎಂದಳು.

ಅವಳು ಊರಿಗೆ ಹೋದ ಮೇಲೆ ಅಂಗಡಿಯಲ್ಲಿ ಕೂತು ಅರ್ಧ ದಿನ ತಲೆ ಕೆರೆದುಕೊಂಡೆ. ಭತ್ತ ಎಂದರೆ ಗೊಬ್ಬರ ನೆನಪಾಗುತ್ತದೆ, ಗೊಬ್ಬರ ಎಂದರೆ ಕ್ಯೂ. ಕೊನೆಗೂ ಐದು ಪದ ಹುಡುಕಿ, ಟೈಪ್ ಮಾಡಿ, ದೊಡ್ಡ ಸಾಹಸ ಮಾಡಿದವನಂತೆ ಚಹಾ ಕುಡಿದೆ.

ಆಮೇಲೆಲ್ಲ ಬೆರಳೊತ್ತಿದರೆ ತೆರೆಯುತ್ತಿದ್ದ ಆ್ಯಪ್, ಬೆಳೆ ವಿಮೆಯ ಕೊನೆಯ ದಿನವೇ ಬೆರಳನ್ನು ಒಲ್ಲೆ ಎಂದು ಐದು ಪದ ಕೇಳಿತು. ಬೆಂಚಿನ ತುಂಬ ಜನ. ನನಗೆ ಕಂಬಳಿಯೊಂದನ್ನು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಇವರೆಲ್ಲರ ಅರ್ಜಿ ನನ್ನಿಂದ ತಪ್ಪಿತಲ್ಲ ಎಂದು ಹೆದರಿ ಬೆರಳನ್ನು ಮತ್ತೆ ಮತ್ತೆ ಒತ್ತಿ ನೋಡಿದೆ. ಕೊನೆಗೆ ಪದ ಮರೆತೆ ಎಂದು ಬಾಯಿಬಿಟ್ಟು ಒಪ್ಪಿಕೊಂಡೆ.

ತಾಳಗುಂದದ ಚನ್ನಬಸಪ್ಪನವರು ಬೆಂಚಿನಿಂದಲೇ ಹೇಳಿದರು: "ಕಂಬಳಿ, ಜಿಲೇಬಿ, ತಕರಾರು, ಹೀರೇಕಾಯಿ, ಬಸ್‌ಸ್ಟ್ಯಾಂಡು. ಅದೇ ಅಲ್ಲೇನ್ರೀ?"

ನನ್ನ ಕಸುಬಿನಲ್ಲಿ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಎದುರಿನವರು ಒಪ್ಪಿದ ಮೇಲೇ ಗುಂಡಿ ಒತ್ತುವುದು. ಐದು ಪದ ಹಾಕಿದ ದಿನವೂ ಎದುರಿಗೆ ಕೂತಿದ್ದ ಚನ್ನಬಸಪ್ಪನವರಿಗೆ ಹಾಗೇ ಓದಿ ಹೇಳಿದ್ದೆನಂತೆ.

"ನನ್ನ ಅರ್ಜಿನೇ ಅನ್ಕಂಡು ಸರಿ ಐತ್ರೀ ಅಂದಿದ್ದೆ. ಮನ್ಯಾಗೆ ಹೋಗಿ ಹೇಳಿದ್ರೆ ನಮ್ಮಾಕಿ, ಜಿಲೇಬಿ ಮ್ಯಾಲೆ ಯಾರ್ದು ತಕರಾರು ಅಂತ ಒಂದು ವಾರ ಜೀವ ತಿಂದ್ಲು."

ಬೀಗ ತೆರೆಯಿತು, ಎಲ್ಲರ ಅರ್ಜಿಯೂ ಹೋಯಿತು. ಬೆಂಚು ಖಾಲಿಯಾದ ಮೇಲೆ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಹೊಸ ಐದು ಪದ ಹಾಕಿದೆ. ಈಗ ಇಡೀ ತಾಲ್ಲೂಕಿನಲ್ಲಿ ಅದು ಗೊತ್ತಿರುವುದು ಒಬ್ಬನಿಗೆ ಮಾತ್ರ. ಆ ಒಬ್ಬನ ಯೋಗ್ಯತೆ ನನಗೆ ಚೆನ್ನಾಗಿ ಗೊತ್ತು. ಚನ್ನಬಸಪ್ಪನವರು ಹೊರಗೆ ಇನ್ನೂ ಚಪ್ಪಲಿ ಮೆಟ್ಟುತ್ತಿದ್ದರು. ಓಡಿಹೋಗಿ ಅವರ ಕಿವಿಯಲ್ಲಿ ಹೇಳಿಬಿಟ್ಟೆ.