ಹದಿನಾಲ್ಕನೇ ನಂಬರಿನ ನೆಲ

ಎಲ್ಲಕ್ಕೂ ಕಾರಣ ಒಂದು ಬಟಾಣಿ ಕಾಳು.

ಮಂಗಳವಾರ ಬೆಳಿಗ್ಗೆ ನೆವಿಲ್ ಟಪ್ಲಿನ್ ತನ್ನ ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ. ಕಾಳೊಂದು ಕೈಜಾರಿ ಬಾಗಿಲ ಹತ್ತಿರ ಬಿತ್ತು. ಬಿದ್ದದ್ದು ಬಿದ್ದಲ್ಲೇ ಇರಲಿಲ್ಲ. ಯಾರೋ ಕರೆದರೆನ್ನುವಂತೆ ಹೊರಟು, ಮೇಜಿನಡಿ ನುಸುಳಿ, ಫ್ರಿಜ್ಜನ್ನು ದಾಟಿ, ಕಿಟಕಿಯ ಕೆಳಗಿನ ಗೋಡೆಗೆ ಟಕ್ ಎಂದು ಬಡಿದು ನಿಂತಿತು. ಅಲ್ಲಿ ಆಗಲೇ ಮೂರು ಕಾಳು, ಒಂದು ಅಂಗಿಯ ಗುಂಡಿ, ಮತ್ತು ಹೆಂಡತಿ ಗ್ಲೆಂಡಾ ಒಂದು ವಾರದಿಂದ ಹುಡುಕುತ್ತಿದ್ದ ಮಂಡಿನೋವಿನ ಮಾತ್ರೆ ಸಭೆ ಸೇರಿದ್ದವು.

ಒಲೆಯ ಮುಂದಿದ್ದ ಗ್ಲೆಂಡಾ ತಿರುಗಿದಳು.

"ನೆವಿಲ್, ಇವತ್ತು ತಾರೀಖೆಷ್ಟು?"

"ಹದಿನೇಳು."

"ನಾವು ಈ ಮನೆಗೆ ಬಂದು ಎಷ್ಟು ದಿನ ಆಯ್ತು?"

ನೆವಿಲ್ ಇನ್ನೊಂದು ಬಟಾಣಿ ಸಿಪ್ಪೆಯನ್ನು ಬಹಳ ಎಚ್ಚರಿಕೆಯಿಂದ ಬಿಡಿಸತೊಡಗಿದ.

ಹೊಸ ಮನೆ ಕೊಂಡವರ ರಕ್ಷಣೆಗೆ ಒಂದು ನಿಯಮವಿದೆ. ಬೀಗದ ಕೈ ಸಿಕ್ಕ ದಿನದಿಂದ ಎರಡು ವರ್ಷದೊಳಗೆ, ಮನೆಯಲ್ಲಿ ಏನು ಕುಂದು ಕಂಡರೂ ಬರೆದುಕೊಟ್ಟರೆ, ಕಟ್ಟಿದ ಕಂಪನಿಯೇ ಬಂದು ಸರಿಮಾಡಬೇಕು. ಎರಡು ವರ್ಷ ಕಳೆದರೆ ನಿಮ್ಮ ಕುಂದು ನಿಮ್ಮದು. ಟಪ್ಲಿನ್ ದಂಪತಿಗಳ ಎರಡು ವರ್ಷ ಅಂದು ಸಂಜೆ ಐದು ಗಂಟೆಗೆ, ಕಂಪನಿಯ ಕಚೇರಿ ಮುಚ್ಚುವ ಹೊತ್ತಿಗೆ, ಮುಗಿಯುವುದಿತ್ತು.

ಹಾಗಾದರೆ ಇಷ್ಟು ದಿನ ಅವನು ಸುಮ್ಮನಿದ್ದದ್ದೇಕೆ? ಹೆಮ್ಮೆ, ಬೇರೇನಲ್ಲ.

ನೆವಿಲ್ ಕೆಟರಿಂಗ್ ಎಂಬ ಇಂಗ್ಲಿಷ್ ಊರಿನಲ್ಲಿ ಮೂವತ್ತೆರಡು ವರ್ಷ ಎಂಟನೇ ನಂಬರಿನ ಬಸ್ಸು ಓಡಿಸಿದವನು. ಅವನಪ್ಪ, ಅವನಜ್ಜ, ಅವನ ಮುತ್ತಜ್ಜ ಎಲ್ಲರೂ ಬಾಡಿಗೆ ಮನೆಯಲ್ಲೇ ಹುಟ್ಟಿ ಬಾಡಿಗೆ ಮನೆಯಲ್ಲೇ ಸತ್ತಿದ್ದರು. ಟಪ್ಲಿನ್ ವಂಶದಲ್ಲಿ ಸ್ವಂತ ಮನೆಯ ಗೋಡೆಗೆ ಮೊಳೆ ಹೊಡೆದ ಮೊದಲ ಗಂಡಸು ನೆವಿಲ್. ಈಗಲೂ ಬೆಳಿಗ್ಗೆ ಎದ್ದ ಕೂಡಲೇ, ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು, ಗೋಡೆಯನ್ನು ಒಮ್ಮೆ ಸವರುತ್ತಿದ್ದ. ಬೀಗದ ಕೈ ಸಿಕ್ಕ ದಿನ ರಸ್ತೆಯ ನಡುವೆ ನಿಂತು ಇಡೀ ಸ್ಕೈಲಾರ್ಕ್ ಬಡಾವಣೆಗೆ ಕೇಳುವಂತೆ ಹೇಳಿದ್ದ: "ನಮ್ಮನೇಲಿ ಒಂದೇ ಒಂದು ಕುಂದಿಲ್ಲ! ಹುಡುಕಿದ್ರೂ ಸಿಗಲ್ಲ!"

ಮೂರನೇ ದಿನ ಅಡುಗೆಮನೆಯ ನೆಲ ಬಾಗಿಲಿಂದ ಕಿಟಕಿಗೆ ಇಳಿಜಾರಾಗಿದೆ ಎಂದು ಗೊತ್ತಾಯಿತು. ಆಡಿದ ಮಾತನ್ನು ವಾಪಸು ಪಡೆಯುವುದಕ್ಕಿಂತ ಗರಗಸ ಹಿಡಿಯುವುದು ನೆವಿಲ್‌ಗೆ ಸುಲಭವಾಗಿ ಕಂಡಿತು. ಮೇಜಿನ ಎರಡು ಕಾಲು ಗರಗಸದಲ್ಲಿ ಕುಯ್ದು ಚಿಕ್ಕದು ಮಾಡಿದ. ಕುರ್ಚಿಗಳಿಗೂ ಅದೇ ಶಸ್ತ್ರಚಿಕಿತ್ಸೆಯಾಯಿತು. ಫ್ರಿಜ್ಜಿನಡಿ ಮರದ ತುಂಡು ಬಂತು. ಅತಿಥಿಗಳು ಬಂದು ಕೂತು ಚಹಾ ಕುಡಿದು ಎದ್ದುಹೋದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಕಪಾಟಿನೊಳಗೆ ಕೂರಿಸಿದ್ದ ಓವನ್ನಿಗೆ ಮಾತ್ರ ಗರಗಸ ಹಾಕುವ ಹಾಗಿರಲಿಲ್ಲ.

ಗ್ಲೆಂಡಾಳ ಸಂಕಟವೆಲ್ಲ ಆ ಓವನ್ನಿನಲ್ಲಿತ್ತು. ಹಳೇ ಬಾಡಿಗೆ ಮನೆಯ ತುಕ್ಕು ಹಿಡಿದ ಒಲೆಯಲ್ಲಿ ಬೇಯಿಸಿದ ಸ್ಪಂಜ್ ಕೇಕಿಗೆ ಊರಿನ ಬೇಸಿಗೆ ಪ್ರದರ್ಶನದಲ್ಲಿ ಸಾಲಾಗಿ ಹನ್ನೊಂದು ವರ್ಷ ಮೊದಲ ಬಹುಮಾನ ಗೆದ್ದವಳು ಅವಳು. ಸ್ವಂತ ಮನೆಗೆ ಬಂದ ಮೇಲೆ ಎರಡು ಸಲವೂ ಸೋಲು. ಇಲ್ಲಿ ಕೇಕ್ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಮೂರು ಬೆರಳು ಎದ್ದುಬರುತ್ತಿತ್ತು. ಎರಡು ಸಲವೂ ಗೆದ್ದವಳು ಪಕ್ಕದ ಹದಿನಾರನೇ ನಂಬರಿನ ಹಿಲರಿ ಗರ್ನಿ. ಮೂರನೇ ಪ್ರದರ್ಶನ ಬರುವ ಶನಿವಾರವಿತ್ತು.

"ಟಿನ್ನಿನಡಿ ಒಂಚೂರು ಏನಾದ್ರೂ ಸಿಕ್ಕಿಸಿದ್ರೆ ಆಯ್ತಪ್ಪ," ಎಂದು ನೆವಿಲ್ ಒಮ್ಮೆ ಹೇಳಿ ನೋಡಿದ್ದ.

"ನಲವತ್ತು ವರ್ಷದಿಂದ ಕೇಕ್ ಮಾಡ್ತಿದೀನಿ. ಕಾಗದ ಸಿಕ್ಕಿಸಿ ಬಹುಮಾನ ತಗೊಳ್ಳೋ ದರಿದ್ರ ನನಗೆ ಬಂದಿಲ್ಲ!" ಎಂದಿದ್ದಳು ಗ್ಲೆಂಡಾ. ಹೆಮ್ಮೆಯ ವಿಷಯದಲ್ಲಿ ಗಂಡಹೆಂಡಿರು ಹೇಳಿಮಾಡಿಸಿದ ಜೋಡಿ.

ಈಗ ಅವಳು ಕೈ ಒರೆಸಿಕೊಂಡು ಒಂದು ಹಾಳೆ ತೆಗೆದು ಬರೆದಳು: "ನಮ್ಮ ಅಡುಗೆಮನೆಯ ನೆಲ ಸಮವಾಗಿಲ್ಲ. ದಯವಿಟ್ಟು ಸರಿಮಾಡಿಕೊಡಿ." ಕೆಳಗೆ ಇಬ್ಬರ ಹೆಸರು. ಅದನ್ನು ನೆವಿಲ್‌ನ ಜೇಬಿಗೆ ತುರುಕಿದಳು. "ಐದು ಗಂಟೆ ಒಳಗೆ ಇದು ಕಂಪನಿಯವರ ಕೈಲಿರಬೇಕು. ಇಲ್ಲದಿದ್ರೆ ಇನ್ನು ನಿನ್ನ ಹುಟ್ಟುಹಬ್ಬಕ್ಕೆ ಅಂಗಡಿ ಕೇಕು."

ನೆವಿಲ್ ಫೋನ್ ಮಾಡಿದ. ನಲವತ್ತು ನಿಮಿಷ ಕಾಯಿಸಿ ಪಿಟೀಲು ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಅವನು ಮನೆ ನಂಬರು ಹೇಳಿದ್ದೇ ತಡ, "ಹದಿನಾಲ್ಕಾ? ಇವತ್ತು ಮೂರು ಗಂಟೆಗೆ ನಮ್ಮವರು ಬರ್ತಾರೆ ಅಂತ ಇಲ್ಲಿ ಆಗಲೇ ಬರೆದಿದೆಯಲ್ಲ," ಎಂದಳು.

"ನಾನಿನ್ನೂ ಏನೂ ಹೇಳೇ ಇಲ್ಲ!"

"ಹೇಳಬೇಕಾಗೇ ಇಲ್ಲ ಸಾರ್," ಎಂದು ಅವಳು ಫೋನ್ ಇಟ್ಟುಬಿಟ್ಟಳು.

ಕೇಳುವ ಮೊದಲೇ ಬರುವ ಕಂಪನಿ! ನೆವಿಲ್‌ನ ಎದೆ ಉಬ್ಬಿತು. ತಾನು ಆರಿಸಿದ ಕಂಪನಿಯೆಂದರೆ ಸುಮ್ಮನೆಯೇ? ಒಂದೇ ಚಿಂತೆ ಉಳಿದಿತ್ತು. ಅಕ್ಕಪಕ್ಕದವರ ಕಣ್ಣಿಗೆ ಬೀಳದೆ ಅವರನ್ನು ಒಳಗೆ ಕರೆತರಬೇಕು, ಕಾಗದ ಕೊಡಬೇಕು, ಕಳಿಸಬೇಕು. ಮುಖ್ಯವಾಗಿ ಡೆಸ್ಮಂಡ್ ಗರ್ನಿಗೆ ವಾಸನೆ ಹತ್ತಬಾರದು.

ಗರ್ನಿ ನಿವೃತ್ತ ಗಣಿತದ ಮೇಷ್ಟರು. ಬೇರೆಯವರು ವಾಕಿಂಗಿಗೆ ನಾಯಿ ಹಿಡಿದುಕೊಂಡು ಹೋದರೆ ಅವನು ಮಟ್ಟ ನೋಡುವ ರಸಮಟ್ಟ ಹಿಡಿದುಕೊಂಡು ಹೋಗುತ್ತಿದ್ದ. ತನ್ನ ಮನೆಯಲ್ಲಿ ನೂರಾ ಹದಿನಾಲ್ಕು ಕುಂದು ಪಟ್ಟಿಮಾಡಿ, ನಿಯಮದ ಪುಸ್ತಕ ಬಾಯಿಪಾಠ ಮಾಡಿ, ಎರಡು ವರ್ಷದಿಂದ ಕಂಪನಿಯವರ ನಿದ್ದೆ ಕೆಡಿಸಿದ್ದ. ಅವನ ದೊಡ್ಡ ದೂರೂ ಅಡುಗೆಮನೆಯ ನೆಲದ ಮೇಲೆಯೇ ಇತ್ತು. ಅದು ಉಗುರಿನ ದಪ್ಪದಷ್ಟು ಓರೆಯಾಗಿತ್ತಂತೆ.

ಮೂರು ಗಂಟೆಗೆ ಸರಿಯಾಗಿ ಕರೆಗಂಟೆ ಮೊಳಗಿತು. ನೆವಿಲ್ ಓಡಿಹೋಗಿ ಬಾಗಿಲು ತೆರೆದ. ಕುತ್ತಿಗೆಗೆ ಕಂಪನಿಯ ಗುರುತುಪಟ್ಟಿ ತೂಗುಹಾಕಿದ ಒಬ್ಬ ಯುವತಿ ನಿಂತಿದ್ದಳು. ಅವಳ ಒಂದು ಮಗ್ಗುಲಲ್ಲಿ ರಸಮಟ್ಟ ಹಿಡಿದ ಗರ್ನಿ, ಇನ್ನೊಂದು ಮಗ್ಗುಲಲ್ಲಿ ಹಿಲರಿ.

"ನಾನು ಮಿಸ್ ಪೆಲ್, ಕಂಪನಿಯಿಂದ," ಎಂದಳು ಯುವತಿ.

"ನಾವೂ ಬಂದ್ವಿ. ತೊಂದ್ರೆ ಇಲ್ಲ ತಾನೇ, ಟಪ್ಲಿನ್?" ಎಂದು ಗರ್ನಿ ಆಗಲೇ ಕಾಲೊರೆಸಿನ ಮೇಲೆ ನಿಂತಿದ್ದ.

"ಛೆ ಛೆ, ತೊಂದ್ರೆ ಏನು, ಸಂತೋಷ," ಎಂದ ನೆವಿಲ್.

ಈ ಸೀಮೆಯವರ ಗುಣವೇ ಅದು. ಹೋಟೆಲಿನಲ್ಲಿ ಸೂಪು ತಣ್ಣಗಿದ್ದರೆ ಹೆಂಡತಿಯ ಹತ್ತಿರ ಅರ್ಧ ಗಂಟೆ ಗೊಣಗುತ್ತಾರೆ. ಬಡಿಸುವವನು ಬಂದು "ಎಲ್ಲಾ ಸರಿಯಾಗಿದೆಯಾ?" ಎಂದರೆ ಮುಖ ಅರಳಿಸಿ "ಸೊಗಸಾಗಿದೆ, ಥ್ಯಾಂಕ್ಯೂ" ಎನ್ನುತ್ತಾರೆ. ಅವನು ಆಚೆ ಹೋದ ಮೇಲೆ ಮತ್ತೆ ಗೊಣಗುತ್ತಾರೆ.

ಅಡುಗೆಮನೆಯಲ್ಲಿ ಗ್ಲೆಂಡಾ ಮಿಸ್ ಪೆಲ್‌ಳನ್ನು ಕಂಡು ಅರಳಿದಳು, ಹಿಂದೆಯೇ ಬಂದ ಹಿಲರಿಯನ್ನು ಕಂಡು ಬಾಡಿದಳು. "ಬಾ ನನ್ನ ಬಾತುಮರಿ, ಕೂತ್ಕೋ, ಚಹಾ ಕುಡಿ," ಎಂದು ಯುವತಿಗೆ ಕುರ್ಚಿ ಕೊಟ್ಟಳು. ಪ್ರೀತಿ ಬಂದರೆ ಅಲ್ಲಿ ಹಾಗೆಯೇ ಕರೆಯುವುದು.

ಗರ್ನಿ ಸೀದಾ ಹೋಗಿ ರಸಮಟ್ಟವನ್ನು ಮೇಜಿನ ಮೇಲಿಟ್ಟ. ಅದರೊಳಗಿನ ಗಾಳಿಗುಳ್ಳೆ ನಟ್ಟನಡುವೆ ನಿಂತಿತು. ಕುರ್ಚಿಯ ಮೇಲಿಟ್ಟ, ಅಲ್ಲೂ ನಟ್ಟನಡುವೆ. ಫ್ರಿಜ್ಜಿನ ತಲೆಯ ಮೇಲೂ ಅದೇ ಕತೆ. ಮೂರು ಕಡೆ ಸರಿಯಿದ್ದ ಮೇಲೆ ನೆಲಕ್ಕೆ ಬಗ್ಗುವ ಅಗತ್ಯ ಅವನಿಗೆ ಕಾಣಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಟಪ್ಲಿನ್, ಎರಡು ವರ್ಷದಿಂದ ನೀವು ಸುಮ್ನೆ ಬಡಾಯಿ ಕೊಚ್ತಿದೀರಿ ಅಂದ್ಕೊಂಡಿದ್ದೆ. ಕ್ಷಮಿಸಿ. ಇಂಥ ಮಟ್ಟ ನನ್ನ ಜೀವಮಾನದಲ್ಲೇ ನೋಡಿಲ್ಲ."

ಗರ್ನಿಯ ಬಾಯಿಂದ ಹೊಗಳಿಕೆ! ನೆವಿಲ್ ಬೆನ್ನು ನೆಟ್ಟಗೆ ಮಾಡಿದ. ಜೇಬಿನ ಕಾಗದ ಎದೆಗೆ ಚುಚ್ಚಿತು. ಮೇಜಿನಡಿಯಿಂದ ಗ್ಲೆಂಡಾ ಅವನ ಕಾಲಿಗೆ ಒದ್ದಳು.

ಅಷ್ಟರಲ್ಲಿ ಮಿಸ್ ಪೆಲ್ ಚೀಲದಿಂದ ಪುಟ್ಟ ಯಂತ್ರ ತೆಗೆದು ನೆಲದ ಮೇಲಿಟ್ಟಳು. ಕೆಂಪು ಗೆರೆಯೊಂದು ಬಾಗಿಲಿಂದ ಕಿಟಕಿಯವರೆಗೆ ಹೊಳೆಯಿತು. ಅವಳು ಅಲ್ಲಲ್ಲಿ ಅಳೆದು ಅಂಕಿ ಬರೆದುಕೊಂಡಳು. ಒಂದು ಸಲ ಹುಬ್ಬೇರಿಸಿ ನೆವಿಲ್‌ನ ಕಡೆ ನೋಡಿ, ಮತ್ತೆ ಅಳೆದು, ಮತ್ತೆ ಬರೆದುಕೊಂಡಳು.

"ಹೇಗಿದೆ ಹೇಳಿ?" ಎಂದು ಗರ್ನಿ ಕೇಳಿದ.

"ನಾನು ಅಂಕಿ ಬರ್ಕೊಳ್ಳೋಳು ಅಷ್ಟೇ. ಚೆನ್ನಾಗಿದೆಯಾ ಇಲ್ವಾ ಅಂತ ಹೇಳೋದು ಬೇರೆ ವಿಭಾಗ," ಎಂದಳು ಮಿಸ್ ಪೆಲ್. ಆಮೇಲೆ ನೆವಿಲ್‌ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಮಿಸ್ಟರ್ ಟಪ್ಲಿನ್, ನಿಮಗೆ ಈ ನೆಲ ಒಪ್ಪಿಗೆಯಾ? ಏನಾದ್ರೂ ಹೇಳೋದಿದ್ರೆ ಇವತ್ತೇ ಕೊನೇ ದಿನ."

ನೆವಿಲ್ ಹೆಂಡತಿಯ ಮುಖ ನೋಡಿದ. ಅವಳೇ ಹೇಳಬಹುದಿತ್ತು. ಆದರೆ ಎದುರಿಗೆ ಹಿಲರಿ ಬಿಸ್ಕತ್ತು ಅದ್ದಿಕೊಂಡು ಕೂತಿದ್ದಳು. ನೆಲ ಓರೆ ಎಂದರೆ, ಸೋತವಳು ನೆಲದ ಮೇಲೆ ತಪ್ಪು ಹೊರಿಸಿದಳು ಎಂದು ನಾಳೆ ಊರೆಲ್ಲ ಸುದ್ದಿ. ಗ್ಲೆಂಡಾ ಬಿಸ್ಕತ್ತಿನ ತಟ್ಟೆಯನ್ನು ಹಿಲರಿಯ ಕಡೆಗೆ ಸರಿಸಿದಳು.

ಎಲ್ಲರೂ ನೆವಿಲ್‌ನನ್ನೇ ನೋಡುತ್ತಿದ್ದರು. ಅವನ ಕೈ ಜೇಬಿನವರೆಗೆ ಹೋಯಿತು. ಮೂರು ತಲೆಮಾರಿನ ಟಪ್ಲಿನ್ನರು ಬೆನ್ನಹಿಂದೆ ನಿಂತಿರುವಂತೆ ಅವನಿಗೆ ಅನಿಸಿತು.

"ಸೊಗಸಾಗಿದೆ, ಥ್ಯಾಂಕ್ಯೂ," ಎಂದ.

"ಹಾಗಾದ್ರೆ ಇಲ್ಲೊಂದು ಸಹಿ ಹಾಕಿ."

ಸಹಿ ಹಾಕಿದ. ಗ್ಲೆಂಡಾಳ ಎರಡನೇ ಒದೆತಕ್ಕೆ ಮೇಜಿನ ಮೇಲಿನ ಕಪ್ಪುಗಳೆಲ್ಲ ಕುಣಿದವು.

ಮಿಸ್ ಪೆಲ್ ಚಹಾ ಮುಗಿಸಿ, ವಂದಿಸಿ, ಬಾಗಿಲು ದಾಟಿ ಹೊರಟುಹೋದಳು. ಗರ್ನಿ ಎರಡೂ ಕೈ ಉಜ್ಜಿಕೊಂಡ.

"ಈಗ ಹೇಳ್ತೀನಿ ಗುಟ್ಟು. ದೂರು ಕೇಳೋ ಅಧಿಕಾರಿ ಹೋದ ವಾರ ನನ್ನ ಪರ ತೀರ್ಪು ಕೊಟ್ರು! ನಮ್ಮ ನೆಲ ಕಿತ್ತು ಹೊಸದಾಗಿ ಹಾಕಬೇಕು. ಸರಿ, ಸರಿಯಾದ ನೆಲ ಅಂದ್ರೆ ಯಾವ್ದು ಅಂತ ಕಂಪನಿಯವರು ತಕರಾರು ತೆಗೆದ್ರು. ನಾನಂದೆ, ಒಂದೇ ನಕ್ಷೆ, ಒಂದೇ ವಾರದಲ್ಲಿ ಕಟ್ಟಿದ್ದು, ಪಕ್ಕದಲ್ಲೇ ಹದಿನಾಲ್ಕಿದೆ. ಎರಡು ವರ್ಷದಲ್ಲಿ ಒಂದು ದೂರಿಲ್ಲ. ಅದೇ ಮಾದರಿ! ಅಧಿಕಾರಿ ಒಪ್ಪಿದ್ರು, ಕಂಪನಿ ಒಪ್ಪಿತು. ಮನೆಯವರು ಸಹಿ ಹಾಕಿದ್ರೆ ಆಯ್ತು ಅಂದಿದ್ರು. ಹಾಕಿದ್ರಿ. ನಾಳೆಯಿಂದ್ಲೇ ಕೆಲಸ. ಇನ್ನು ನಮ್ಮ ನೆಲವೂ ಥೇಟ್ ನಿಮ್ಮ ನೆಲ!"

ಹೆಚ್ಚು ಕಡಿಮೆ ಸರಿಯಿದ್ದ ಗರ್ನಿಯ ನೆಲವನ್ನು ಕಿತ್ತು, ಅಳತೆ ಹಿಡಿದು, ಕಾಯಿದೆ ಪ್ರಕಾರ ಓರೆ ಮಾಡಲಿದ್ದಾರೆ. ನೆವಿಲ್ ಎದ್ದು ನಿಂತ.

"ಗರ್ನಿ, ಒಂದ್ನಿಮಿಷ, ನಮ್ಮ ನೆಲ ನಿಜ ಹೇಳ್ಬೇಕಂದ್ರೆ..."

"ವಿನಯ ಬೇಡ ಟಪ್ಲಿನ್! ಇಷ್ಟು ಒಳ್ಳೇ ಮನೆ ಇಟ್ಕೊಂಡು ವಿನಯ ಯಾಕೆ?"

"ಹೌದು, ಕೂತ್ಕೋ ನೆವಿಲ್," ಎಂದಳು ಗ್ಲೆಂಡಾ. ಅವಳ ಮುಖದಲ್ಲಿ ಎರಡು ವರ್ಷದಿಂದ ಕಾಣದಿದ್ದ ಬೆಳಕು ಕಂಡಿತು. "ಥೇಟ್ ನಮ್ಮ ನೆಲದ ಹಾಗೇನಾ, ಹಿಲರಿ? ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ದೆ? ದೇವರು ದೊಡ್ಡವನು ಕಣ್ರೀ. ಮುಂದಿನ ವರ್ಷದ ಪ್ರದರ್ಶನ ಎಷ್ಟು ಚೆನ್ನಾಗಿರುತ್ತೆ!"

"ಮುಂದಿನ ವರ್ಷ ಇರ್ಲಿ. ನನಗೆ ಈ ಶನಿವಾರದ್ದೇ ಯೋಚನೆ," ಎಂದಳು ಹಿಲರಿ. "ಮೂರು ವಾರ ನಮ್ಮಲ್ಲಿ ಅಡುಗೆಮನೇನೇ ಇರಲ್ಲ. ಅದಕ್ಕೇ ಕೇಳೋಣ ಅಂತ ಬಂದೆ. ಮೂರು ವಾರ ನಿಮ್ಮ ಓವನ್ನಲ್ಲಿ ಬೇಯಿಸ್ಕೊಳ್ಲಾ? ಬಡಾವಣೆಗೇ ಮಾದರಿ ಅಡುಗೆಮನೆ! ಹಿಟ್ಟು ಕಲಸಿಟ್ಟು ಬಂದಿದೀನಿ, ಒಂದು ಸಲ ಈಗಲೇ ನೋಡಿಬಿಡ್ತೀನಿ. ನಿಮಗೇನೂ ತೊಂದ್ರೆ ಇಲ್ವಲ್ಲ, ನೆವಿಲ್?"

"ಇಲ್ಲ ಇಲ್ಲ, ಸಂತೋಷ," ಎಂದಿತು ನೆವಿಲ್‌ನ ಬಾಯಿ, ಅವನನ್ನು ಕೇಳದೆ.

ಐದಕ್ಕೆ ಹತ್ತು ನಿಮಿಷವಿರುವಾಗ ಹಿಲರಿ ಟಿನ್ ಹಿಡಿದು ಬಂದಳು. ಅದನ್ನು ಓವನ್ನಿನೊಳಗೆ ಇಟ್ಟದ್ದೇ, ಹಿಟ್ಟು ಮೆಲ್ಲಗೆ ಕಿಟಕಿಯ ಕಡೆಗೆ ವಾಲತೊಡಗಿತು. ಅವಳು ಗಡಿಯಾರ ನೋಡಲು ಆಚೆ ತಿರುಗಿದ್ದಳು. ಇನ್ನೊಂದು ಕ್ಷಣದಲ್ಲಿ ಈಚೆ ತಿರುಗಿದರೆ ಹದಿನಾಲ್ಕನೇ ನಂಬರಿನ ಮಾನ ಬೀದಿಪಾಲು. ನೆವಿಲ್ ಮಂಡಿಯೂರಿ, "ಬಾಗಿಲು ಸ್ವಲ್ಪ ಬಿಗಿ, ನಾನೇ ಹಾಕ್ತೀನಿ," ಎಂದು ಜೇಬಿಗೆ ಕೈಹಾಕಿದ. ಸಿಕ್ಕಿದ್ದನ್ನು ನಾಲ್ಕು ಮಡಿಕೆ ಮಾಡಿ, ಟಿನ್ನಿನ ತಗ್ಗು ಬದಿಗೆ ಸಿಕ್ಕಿಸಿ, ಓವನ್ ಮುಚ್ಚಿದ.

ಇಗರ್ಜಿಯ ಗಡಿಯಾರ ಐದು ಹೊಡೆಯಿತು.

ಸ್ವಲ್ಪ ಹೊತ್ತಿಗೆ ಹೊರಬಂದ ಕೇಕ್ ಬಿಲಿಯರ್ಡ್ಸ್ ಮೇಜಿನಷ್ಟು ಮಟ್ಟಸವಾಗಿತ್ತು. ಗರ್ನಿ ಅದರ ಮೇಲೂ ರಸಮಟ್ಟ ಇಟ್ಟ, ಗುಳ್ಳೆ ನಡುವೆಯೇ ನಿಂತಿತು. "ನನ್ನ ಓವನ್ನಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ!" ಎಂದು ಹಿಲರಿ ಗ್ಲೆಂಡಾಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಕೇಕ್ ಹೊತ್ತುಕೊಂಡು ಇಬ್ಬರೂ ಹೊರಟರು. ಬೇಲಿಯ ಆಚೆ ಗರ್ನಿ ಯಾರಿಗೋ ಹೇಳುವುದು ಕೇಳಿಸಿತು, "ನೆಲ ಅಂದ್ರೆ ಹದಿನಾಲ್ಕನೇ ನಂಬರಿನ ನೆಲ!" ಇಷ್ಟೆಲ್ಲ ಆದ ಮೇಲೂ ನೆವಿಲ್‌ನ ಎದೆ ಒಂದು ಇಂಚು ಉಬ್ಬಿತು.

ಗ್ಲೆಂಡಾ ಓವನ್ನಿನೊಳಗೆ ಕೈಹಾಕಿ, ಕಂದು ಬಣ್ಣಕ್ಕೆ ತಿರುಗಿದ ಕಾಗದವನ್ನು ಹೊರತೆಗೆದಳು. ಬಿಡಿಸಿ, ತನ್ನದೇ ಅಕ್ಷರವನ್ನು ಓದಿಕೊಂಡಳು. ಸುಟ್ಟ ಅಂಚಿನ ಚೂರೊಂದು ಉದುರಿತು.

"ಅವಳ ಕೇಕು ಮಟ್ಟವಾಗಿ ಬಂತು. ನನ್ನ ಓವನ್ನಲ್ಲಿ, ನನ್ನ ದೂರಿನ ಮೇಲೆ ಕೂತು. ಶನಿವಾರವೂ ಹೀಗೇ ಬರುತ್ತೆ, ಅಲ್ವಾ?"

ನೆವಿಲ್ ಕುರ್ಚಿಯ ಕುಯ್ದ ಕಾಲುಗಳನ್ನು ನೋಡುತ್ತ ಕೂತಿದ್ದ. ಗ್ಲೆಂಡಾ ಕಾಗದವನ್ನು ಮೇಜಿನ ಮೇಲೆ ಅವನ ಮುಂದೆ ಇಟ್ಟಳು. ಹೋಟೆಲಿನ ಬಡಿಸುವವರಂತೆ ಕೈಕಟ್ಟಿ ನಿಂತು ಕೇಳಿದಳು, "ಎಲ್ಲಾ ಸರಿಯಾಗಿದೆಯಾ, ನೆವಿಲ್?"

"ಸೊಗಸಾಗಿದೆ," ಎಂದ ನೆವಿಲ್, "ಥ್ಯಾಂಕ್ಯೂ."